ವೈರಿನೊಳಗಿನ ಕಸುಬು, ವೈರಿಲ್ಲದ ಕಸುಬು

ಹೆಡ್‌ಸೆಟ್ಟಿನಲ್ಲಿ ಹಾಡು ಹಾಕಿದರೆ ವಾದ್ಯಗಳೆಲ್ಲ ಟೊಳ್ಳುಟೊಳ್ಳಾಗಿ ಕೇಳುತ್ತವೆ, ಹಾಡುವವರ ದನಿ ಮಾತ್ರ ಮಾಯ. ಇಂಥದ್ದನ್ನು ತಂದುಕೊಟ್ಟರೆ ಪಳಗಿದ ರಿಪೇರಿಯವರು ಮೀಟರ್ ಹಚ್ಚುವ ಮೊದಲೇ ಹೇಳಿಬಿಡುತ್ತಾರೆ: ‘ಗ್ರೌಂಡ್ ಕಟ್ಟಾಗಿದೆ ಸಾರ್.’ ಎಡ, ಬಲ ಎರಡೂ ಸ್ಪೀಕರಿನಿಂದ ಕರೆಂಟು ವಾಪಸ್ ಹೋಗಲು ಇರುವುದು ಒಂದೇ ದಾರಿ. ಅದು ತುಂಡಾದರೆ ಕರೆಂಟು ಒಂದು ಕಿವಿಯ ಸ್ಪೀಕರಿನಿಂದ ಇನ್ನೊಂದಕ್ಕೆ ಹಾಯಬೇಕು. ಆಗ ಎರಡೂ ಕಡೆ ಒಂದೇ ಸಮನಾಗಿರುವ ಶಬ್ದ ಪರಸ್ಪರ ಅಳಿಸಿಹೋಗಿ, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವಷ್ಟೇ ಉಳಿಯುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ನಟ್ಟನಡುವೆ ಕೂರಿಸಿರುತ್ತಾರಾದ್ದರಿಂದ ಮೊದಲು ಹೋಗುವುದು ಅದೇ.

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಸಣ್ಣಪುಟ್ಟ ಮೊಬೈಲ್ ಅಂಗಡಿಗಳಲ್ಲಿ ಈ ವಿದ್ಯೆ ಇನ್ನೂ ಬದುಕಿದೆ. ಗೇಮಿಂಗ್ ಹೆಡ್‌ಸೆಟ್ ಕೊಳ್ಳಹೊರಟವರು ಡಬ್ಬದ ಮೇಲಿನ ಅಂಕಿಗಳನ್ನು ಹೋಲಿಸುವ ಮೊದಲು, ಜ್ಯಾಕ್ ಬದಲಿಸುವುದನ್ನು ಒಮ್ಮೆ ನಿಂತು ನೋಡಬೇಕು.

ವೈರು ಸಾಯುವುದು ಹೆಚ್ಚಾಗಿ ಜ್ಯಾಕಿನ ಕುತ್ತಿಗೆಯಲ್ಲಿ, ದಿನವೂ ಮಡಚುವ ಜಾಗದಲ್ಲಿ. ಅಲ್ಲಿಗಿಂತ ಒಂದೆರಡು ಅಂಗುಲ ಹಿಂದಕ್ಕೆ ಕತ್ತರಿಸಿ ಮೇಲಿನ ಪ್ಲಾಸ್ಟಿಕ್ ಸುಲಿದರೆ ಒಳಗೆ ತಾಮ್ರದ ಬಲು ಸಣ್ಣ ಎಳೆಗಳು, ಅವುಗಳ ಜೊತೆ ಗಟ್ಟಿತನಕ್ಕೆಂದು ಹೆಣೆದ ನಾರು. ಸಾಮಾನ್ಯವಾಗಿ ಕೆಂಪು ಬಲಗಿವಿಗೆ, ಹಸಿರು ಅಥವಾ ನೀಲಿ ಎಡಗಿವಿಗೆ, ಬರೀ ತಾಮ್ರದ ಬಣ್ಣದ್ದು ಗ್ರೌಂಡಿಗೆ. ಹೊಸಬರು ಸೋಲುವುದು ಇಲ್ಲೇ. ಆ ಕೆಂಪು ಹಸಿರು ಬರೀ ಬಣ್ಣವಲ್ಲ, ಕರೆಂಟನ್ನು ತಡೆಯುವ ಎನಾಮಲ್ ಲೇಪ. ಅದನ್ನು ಕಳೆಯದೆ ಎಷ್ಟು ಸೀಸ ಸುರಿದರೂ ಹಿಡಿಯುವುದಿಲ್ಲ. ಬ್ಲೇಡಿನಿಂದ ಕೆರೆದರೆ ಎಳೆಯೇ ತುಂಡಾಗುತ್ತದೆ. ಕೈ ಪಳಗಿದವರು ಸಾಲ್ಡರಿಂಗ್ ಐರನ್ನಿನ ತುದಿಯಲ್ಲಿ ಕರಗಿದ ಸೀಸದ ಹನಿ ನಿಲ್ಲಿಸಿಕೊಂಡು, ಎಳೆಯ ತುದಿಯನ್ನು ಅದರೊಳಗೆ ಮೆಲ್ಲಗೆ ಆಡಿಸುತ್ತಾರೆ. ಲೇಪ ಸುಟ್ಟು ಸಣ್ಣಗೆ ಹೊಗೆಯಾಡುತ್ತದೆ, ಎಳೆ ಬೆಳ್ಳಗೆ ಹೊಳೆಯುತ್ತದೆ. ಬರೀ ಸೀಸವೆಂದು ಕರೆದರೂ ಈ ಬೆಸುಗೆ ತವರ 63, ಸೀಸ 37 ಪಾಲಿನ ಮಿಶ್ರಣವಾದರೆ 183 ಡಿಗ್ರಿಗೇ ಕರಗುತ್ತದೆ. ಲೇಪ ಸುಡಲು ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು. ತಡಮಾಡಿದರೆ ಪಕ್ಕದ ಪ್ಲಾಸ್ಟಿಕ್ ಕರಗುತ್ತದೆ, ಅವಸರಪಟ್ಟರೆ ಲೇಪ ಹಾಗೇ ಉಳಿಯುತ್ತದೆ. ಬೆಸುಗೆ ಹಾಕುವ ಮೊದಲೇ ಜ್ಯಾಕಿನ ಮುಚ್ಚಳವನ್ನು ವೈರಿಗೆ ಪೋಣಿಸಿಕೊಂಡಿರಬೇಕು. ಮರೆತರೆ ಮಾಡಿದ್ದೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ.

ಮೈಕ್ ಇರುವ 3.5 ಮಿಲಿಮೀಟರ್ ಜ್ಯಾಕಿಗೆ ನಾಲ್ಕು ಭಾಗ: ತುದಿ ಎಡಗಿವಿಗೆ, ನಂತರದ್ದು ಬಲಗಿವಿಗೆ, ಮೂರನೆಯದು ಗ್ರೌಂಡ್, ಬುಡ ಮೈಕಿಗೆ. ಹಳೆಯ ಕೆಲವು ಫೋನುಗಳಲ್ಲಿ ಕೊನೆಯ ಎರಡು ಅದಲುಬದಲು. ಇದರ ಅಣ್ಣನಂತಿರುವ 6.35 ಮಿಲಿಮೀಟರಿನ ಜ್ಯಾಕು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳದ್ದು. ಹೆಡ್‌ಫೋನಿನ ಚರಿತ್ರೆಯಲ್ಲೂ ಒಂದು ತಮಾಷೆಯಿದೆ. 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್ವಿನ್ ತನ್ನ ಅಡುಗೆಮನೆಯಲ್ಲಿ ಹೆಡ್‌ಫೋನ್ ಮಾಡಿ ನೌಕಾಪಡೆಗೆ ಮಾರಿದ. ಅದನ್ನು ಕಿವಿಗೆ ಹಾಕಿಕೊಂಡವರು ವೈರ್‌ಲೆಸ್ ಆಪರೇಟರುಗಳು!

ಈಗ ವೈರಿಲ್ಲದ್ದರ ವಿಷಯ. ಜನ ಅಂದುಕೊಂಡಂತೆ ಇಲ್ಲಿ ಸೋರಿಹೋಗುವುದು ಶಬ್ದದ ಗುಣವಲ್ಲ, ಸಮಯ. ಬ್ಲೂಟೂತ್ ಶಬ್ದವನ್ನು ಚೂರುಚೂರು ಮಾಡಿ, ಒತ್ತಿ ಚಿಕ್ಕದಾಗಿಸಿ ಕಳಿಸುತ್ತದೆ. ಸೆಕೆಂಡಿಗೆ 1,600 ಸಲದವರೆಗೆ ಚಾನೆಲ್ ಬದಲಿಸುತ್ತಾ, ಅಡ್ಡಿ ಇರುವ ಕಡೆಯಿಂದ ತಪ್ಪಿಸಿಕೊಂಡು ಓಡುತ್ತದೆ. ಬಸವೇಶ್ವರನಗರದ 30×40 ಸೈಟುಗಳ ಸಾಲಿನಲ್ಲಿ ಗೋಡೆಗೆ ಗೋಡೆ ತಾಗುತ್ತದೆ, ಮನೆಗೊಂದು ವೈಫೈ. ಅವುಗಳಲ್ಲಿ ಎಷ್ಟೋ ಇದೇ 2.4 ಗಿಗಾಹರ್ಟ್ಸ್ ಓಣಿಯಲ್ಲೇ ನುಗ್ಗಾಡುತ್ತವೆ. ಮೈಕ್ರೋವೇವ್ ಒಲೆಯೂ ಅಲ್ಲೇ. ಚೂರು ಕಳೆದುಹೋದರೆ ಮತ್ತೆ ಕಳಿಸಬೇಕು, ಅಷ್ಟರಲ್ಲಿ ಹಾಡು ನಿಲ್ಲಬಾರದು. ಅದಕ್ಕೇ ಹೆಡ್‌ಸೆಟ್ ಸ್ವಲ್ಪ ಶಬ್ದವನ್ನು ಮೊದಲೇ ಕೂಡಿಟ್ಟುಕೊಳ್ಳುತ್ತದೆ. ನಮ್ಮ ತಾರಸಿಯ ಟ್ಯಾಂಕಿನ ಲೆಕ್ಕವೇ ಇದು: ಕಾವೇರಿ ನೀರು ದಿನ ಬಿಟ್ಟು ದಿನ ಬಂದರೂ ನಲ್ಲಿ ನಿಲ್ಲುವುದಿಲ್ಲ, ಆದರೆ ಈಗ ಬಿಂದಿಗೆಗೆ ಬೀಳುತ್ತಿರುವುದು ಮೊನ್ನೆ ಬಂದ ನೀರು. ಟ್ಯಾಂಕು ದೊಡ್ಡದಾದಷ್ಟೂ ನೆಮ್ಮದಿ, ನೀರು ಅಷ್ಟೂ ಹಳತು.

ಸಾಮಾನ್ಯ ಬ್ಲೂಟೂತಿನಲ್ಲಿ ಈ ತಡ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಡಿಗೆ ಇದು ಲೆಕ್ಕಕ್ಕೇ ಇಲ್ಲ. ಬಿಜಿಎಂಐಯಂಥ ಶೂಟಿಂಗ್ ಆಟದಲ್ಲಿ ಮೆಟ್ಟಿಲು ಹತ್ತಿ ಬರುತ್ತಿರುವವನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟವರಿಗೆ ಇದೇ ಎಲ್ಲ. ಸೆಕೆಂಡಿಗೆ 6 ಮೀಟರ್ ಓಡುವವನು 200 ಮಿಲಿಸೆಕೆಂಡಿನಲ್ಲಿ 1.2 ಮೀಟರ್ ಮುಂದೆ ಬಂದಿರುತ್ತಾನೆ. ನಿಮಗೆ ಕೇಳಿದ್ದು ಅವನು ದಾಟಿದ ಮೆಟ್ಟಿಲಿನ ಸದ್ದು. ವೈರಿನಲ್ಲಿ ತಡವೇ ಇಲ್ಲವೆಂದಲ್ಲ. ಫೋನು, ಕಂಪ್ಯೂಟರು ತಮ್ಮ ಪಾಲಿನ ತಡ ಸೇರಿಸಿಯೇ ಕಳಿಸುತ್ತವೆ. ವೈರು ತನ್ನದೇನೂ ಸೇರಿಸುವುದಿಲ್ಲ, ಅಷ್ಟೇ.

ಅಂಗಡಿಯಲ್ಲಿ ವಿಡಿಯೊ ಹಾಕಿ ‘ತುಟಿಗೂ ಮಾತಿಗೂ ಸರಿಯಾಗಿದೆ ನೋಡಿ’ ಎಂದು ತೋರಿಸಿದರೆ ನಂಬಬೇಡಿ. ಶಬ್ದ ತಡವಾಗುತ್ತದೆಂದು ಪ್ಲೇಯರಿಗೆ ಗೊತ್ತು, ಅದು ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸಿಬಿಡುತ್ತದೆ. ಆಟಕ್ಕೆ ಆ ಅನುಕೂಲವಿಲ್ಲ. ನೀವು ಯಾವಾಗ ಗುಂಡು ಹಾರಿಸುತ್ತೀರಿ ಎಂದು ಅದಕ್ಕೆ ಮೊದಲೇ ತಿಳಿಯದಲ್ಲ. ಸುಲಭದ ಪರೀಕ್ಷೆಯೆಂದರೆ ಫೋನಿನ ಕೀಬೋರ್ಡ್ ಸದ್ದು ಆನ್ ಮಾಡಿ, ಹೆಡ್‌ಸೆಟ್ ಹಾಕಿಕೊಂಡು ಏನಾದರೂ ಟೈಪ್ ಮಾಡಿ. ಬೆರಳಿಗೂ ಟಕ್ ಸದ್ದಿಗೂ ನಡುವೆ ಎಷ್ಟು ಬಿಡುವಿದೆ ಎಂದು ಕಿವಿಯೇ ಹೇಳುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಯಾರೂ ಹೇಳುವುದಿಲ್ಲ. ಶಬ್ದ ಯಾವ ಕಡೆಯಿಂದ ಬಂತೆಂದು ಮಿದುಳು ಲೆಕ್ಕ ಹಾಕುವುದಕ್ಕೆ ಎರಡು ಕಿವಿಗೆ ಅದು ತಲುಪುವ ಸಮಯದ ಅಂತರ ಒಂದು ಮುಖ್ಯ ಆಧಾರ. ಆ ಅಂತರ ಹೆಚ್ಚೆಂದರೆ 0.7 ಮಿಲಿಸೆಕೆಂಡ್. ಬ್ಲೂಟೂತ್ ಎಡಬಲ ಎರಡನ್ನೂ ಒಂದೇ ಸಮ ತಡಮಾಡುವುದರಿಂದ ದಿಕ್ಕು ಕೆಡುವುದಿಲ್ಲ. ಆದರೆ ಗೆಳೆಯನ ಜೊತೆ ಮಾತಾಡಲು ಅದೇ ಹೆಡ್‌ಸೆಟ್ಟಿನ ಮೈಕ್ ತೆರೆದ ಕ್ಷಣ, ಹಳೆಯ ಬಗೆಯ ಬ್ಲೂಟೂತ್ ಫೋನ್ ಕರೆಯ ರೀತಿಗೆ ಇಳಿಯುತ್ತದೆ. ಶಬ್ದ ಮಂಕಾಗುತ್ತದೆ, ಎಡಬಲ ಸೇರಿ ಒಂದೇ ಆಗುತ್ತದೆ. ಹೆಜ್ಜೆ ಕೇಳುತ್ತದೆ, ಯಾವ ಕಡೆಯದೆಂದು ತಿಳಿಯುವುದಿಲ್ಲ. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ ಎಂಬ ಹೊಸ ಬಗೆಯ ಬ್ಲೂಟೂತ್ ಈ ಕೊರತೆಗೆ ಮದ್ದು, ಆದರೆ ಫೋನು, ಹೆಡ್‌ಸೆಟ್ ಎರಡರಲ್ಲೂ ಅದಿದ್ದರೆ ಮಾತ್ರ.

ಆದ್ದರಿಂದ ಬ್ಲೂಟೂತನ್ನು ಹಾಡಿಗೆ ಬಿಡಿ. ಆಟಕ್ಕೆ ನಿಜವಾದ ಪೈಪೋಟಿ ಇರುವುದು ವೈರಿಗೂ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ಟಿಗೂ. ಡಾಂಗಲಿನದು ಸೊಗಸಾದ ಎಂಜಿನಿಯರಿಂಗ್: ಒಂದೇ ಹೆಡ್‌ಸೆಟ್ಟಿಗೆಂದು ಕಟ್ಟಿದ ರೇಡಿಯೊ, ಕೂಡಿಡುವುದು ಕಡಿಮೆ. ಒಳ್ಳೆಯವುಗಳಲ್ಲಿ ತಡ 20–30 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಮೈಕ್ ತೆರೆದರೂ ಎಡಬಲ ಉಳಿಯುತ್ತದೆ. ಅದನ್ನು ಸಿಪಿಯು ಡಬ್ಬದ ಹಿಂದೆ, ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದರೆ ಮಾತ್ರ ಕೆಲಸ ಕೆಡಬಹುದು. ಆ ಪೋರ್ಟುಗಳಿಂದಲೇ 2.4 ಗಿಗಾಹರ್ಟ್ಸ್ ಓಣಿಗೆ ಗದ್ದಲ ಸೋರುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದಿತ್ತು. ಒಂದಡಿಯ ಎಕ್ಸ್‌ಟೆನ್ಷನ್ ವೈರು ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟರೆ ಎಷ್ಟೋ ಸಲ ಕರಕರ ನಿಲ್ಲುತ್ತದೆ. ವೈರ್‌ಲೆಸ್ಸಿಗೂ ಕೊನೆಗೆ ವೈರೇ ಬೇಕಾಯಿತು ನೋಡಿ.

ಪಂದ್ಯಕ್ಕೆಂದೇ ಆಡುವ ಹುಡುಗರಿಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ವೈರಿನದೇ ಸರಿ ಎನ್ನುತ್ತೇನೆ. ಅದೇ ದುಡ್ಡಿಗೆ ವೈರ್‌ಲೆಸ್ ಕೊಂಡರೆ ಅದರಲ್ಲೊಂದು ಪಾಲು ರೇಡಿಯೊಗೂ ಬ್ಯಾಟರಿಗೂ ಹೋಗಿರುತ್ತದೆ. ಆಟದ ನಡುವೆ ಎದ್ದು ಬಾಗಿಲು ತೆಗೆಯಬೇಕಾದವರಿಗೆ, ಕಾಫಿ ತರಲು ಹೋಗುವವರಿಗೆ ಡಾಂಗಲಿನದು.

ಕೆಟ್ಟಾಗ ಮಾತ್ರ ಇಬ್ಬರ ಪಾಡು ಬೇರೆಬೇರೆ. ವೈರಿನದ್ದಾದರೆ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಜ್ಯಾಕು ಸಿಗುತ್ತದೆ. ಅಲ್ಲಿಗೆ ರಾಜಾಜಿನಗರದಿಂದ ಹಸಿರು ಮೆಟ್ರೊದಲ್ಲಿ ನೇರ ಚಿಕ್ಕಪೇಟೆಗೆ ಹೋಗಿ ಇಳಿದರಾಯಿತು. ವಿಜಯನಗರ, ಕೆಂಗೇರಿಯವರು ಮೆಜೆಸ್ಟಿಕ್ಕಿನಲ್ಲಿ ಬದಲಿಸಬೇಕು. ವೈರ್‌ಲೆಸ್ಸಿನ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಬಳಲುತ್ತದೆ, ಅಂಟು ಹಾಕಿ ಮುಚ್ಚಿದ ಕಿವಿಯ ಕಪ್ಪನ್ನು ಬಿಚ್ಚಲು ಒಪ್ಪುವವರು ಕಡಿಮೆ. ಡಾಂಗಲ್ ಕಳೆದುಕೊಂಡರೆ ಬೇರೆಯದು ಸಿಗುವುದು ಇನ್ನೂ ಕಷ್ಟ. ಕೊಳ್ಳುವಾಗಲೇ ಒಂದೆರಡು ಪ್ರಶ್ನೆ ಕೇಳಿಕೊಳ್ಳಿ. ವೈರಿನದಾದರೆ: ವೈರು ಕಪ್ಪಿನಿಂದ ಬಿಚ್ಚಿ ಬರುತ್ತದೆಯೇ? ಬಂದರೆ ಬೆಸುಗೆಯ ಗೊಡವೆಯೂ ಇಲ್ಲ, ಹೊಂದುವ ಬೇರೆ ವೈರು ಹಾಕಿಕೊಂಡರೆ ಮುಗಿಯಿತು. ವೈರಿಲ್ಲದ್ದಾದರೆ: ಚಾರ್ಜ್ ಮುಗಿದಾಗ ಚುಚ್ಚಲು 3.5ರ ತೂತು ಇದೆಯೇ, ಹಾಗೆ ಚುಚ್ಚಿದಾಗ ಮೈಕೂ ಕೆಲಸ ಮಾಡುತ್ತದೆಯೇ? ಕೆಲವು ಹೆಡ್‌ಸೆಟ್ಟುಗಳಲ್ಲಿ ಹಾಗೆ ಚುಚ್ಚಿದರೆ ಕೇಳಿಸುತ್ತದೆ, ಮಾತಾಡಲು ಬರುವುದಿಲ್ಲ.