ಗೋಡೆಯ ಮೇಲಿನ ಉಬ್ಬುಚುಕ್ಕೆಗಳು

ಬೀದಿಗೋಡೆಗಳ ಮೇಲೆ, ಹೆಚ್ಚಾಗಿ ಅನುಮತಿಯಿಲ್ಲದೆಯೇ, ಬರೆಯಲಾಗುವ ಗ್ರಾಫಿಟಿಯು ಮೂಲತಃ ಬಣ್ಣದ ಕಲೆಯಾದುದರಿಂದ, ದೃಷ್ಟಿಹೀನರ ಪಾಲಿಗೆ ಅದು ಇದ್ದೂ ಇಲ್ಲದಂತೆ. ಫ್ರಾನ್ಸಿನ ನಾಂತ್ ನಗರದವನಾದ, 'ದ ಬ್ಲೈಂಡ್' ಎಂಬ ಹೆಸರಿನಿಂದ ಪರಿಚಿತನಾದ ಕಲಾವಿದನು ಪ್ಲಾಸ್ಟರಿನ ಅರ್ಧಗೋಳಗಳನ್ನು ಗೋಡೆಗೆ ಅಂಟಿಸಿ, ಬ್ರೈಲ್ ಲಿಪಿಯಲ್ಲಿ ನುಡಿಗಳನ್ನು ಮೂಡಿಸುವುದರ ಮೂಲಕ ಈ ಸ್ಥಿತಿಯನ್ನು ತಿರುವುಮುರುವಾಗಿಸಿದ್ದಾನೆ. ಇಲ್ಲಿ ಕಣ್ಣುಳ್ಳ ದಾರಿಹೋಕನೇ ಅನಕ್ಷರಸ್ಥ.

ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ, ಮೂರು ಸಾಲುಗಳಲ್ಲಿ ಎರಡೆರಡರಂತೆ ಜೋಡಿಸಿದ ಆರು ಸ್ಥಾನಗಳ ಪೈಕಿ ಯಾವುವು ಉಬ್ಬಿವೆ ಎಂಬುದರಿಂದ ಅಕ್ಷರವು ನಿರ್ಧಾರವಾಗುತ್ತದೆ. ಕನ್ನಡವನ್ನೂ ಒಳಗೊಂಡ ಭಾರತಿ ಬ್ರೈಲ್‌ಗೂ ಇದೇ ತಳಹದಿ. ಪುಸ್ತಕದಲ್ಲಿ ಚುಕ್ಕೆಗಳ ನಡುವಿನ ಅಂತರವು ಸುಮಾರು 2.5 ಮಿಲಿಮೀಟರ್ ಮಾತ್ರವಿರುವುದರಿಂದ ಇಡೀ ಅಕ್ಷರವು ಬೆರಳತುದಿಗೆ ಒಮ್ಮೆಗೇ ಸಿಗುತ್ತದೆ. ಗೋಡೆಯ ದೊಡ್ಡ ಚುಕ್ಕೆಗಳನ್ನಾದರೋ ಅಂಗೈಯಿಂದ ಒಂದೊಂದಾಗಿ ತಡವಿ, ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕು. ಅದಕ್ಕೂ ಮೊದಲು, ಇಲ್ಲೊಂದು ಬರಹವಿದೆಯೆಂದು ಯಾರಾದರೂ ಹೇಳಬೇಕು! ಆದುದರಿಂದ ಇಂಥ ಕೃತಿಯು ದೃಷ್ಟಿಹೀನರಿಗೆ ಒದಗಿಸಿದ ಸೌಲಭ್ಯ ಎನ್ನುವುದಕ್ಕಿಂತ, ಕಾಣುವವರನ್ನು ಕೆಣಕುವ ಕುಚೋದ್ಯ ಎನ್ನುವುದೇ ಸೂಕ್ತ.

ಇಟಲಿಯ ನೇಪಲ್ಸ್ ನಗರದ ಸಾಂತ್ ಎಲ್ಮೊ ಕೋಟೆಯಲ್ಲಿ ಕಲಾವಿದ ಪಾವೊಲೊ ಪುದ್ದು ರೂಪಿಸಿದ ಕೈಪಿಡಿಕಂಬಿಯು ಬೀದಿಕಲೆಯಲ್ಲವಾದರೂ, ಬರಹವಿರುವುದನ್ನು ಯಾರಾದರೂ ಹೇಳಬೇಕಾದ ಈ ತೊಡಕನ್ನು ಜಾಣ್ಮೆಯಿಂದ ಬಿಡಿಸಿದೆ. ಎತ್ತರದ ಆ ತಾಣದಿಂದ ಕಾಣುವ ನೋಟದ ವರ್ಣನೆಯನ್ನು ಕಂಬಿಯ ಮೇಲೆಯೇ ಬ್ರೈಲ್‌ನಲ್ಲಿ ಮೂಡಿಸಿರುವುದರಿಂದ, ಆಸರೆಗೆಂದು ಚಾಚಿದ ಕೈಗೆ ಬರಹವು ತಾನಾಗಿಯೇ ಎಟಕುತ್ತದೆ. ಓದುವವನು ಕಂಬಿಯನ್ನು ಹಿಡಿದು ನಡೆಯುತ್ತಲೇ ವಾಕ್ಯವನ್ನು ಮುಂದುವರಿಸಬಹುದು.