ಮೊಗ್ಗು ಕೊಯ್ಯುವ ಹೊತ್ತು

ಫಾಲ್ಗುಣದ ಭಟ್ಕಳದಲ್ಲಿ ಬೆಳಗಿನ ಬಾಂಗು ಕೇಳುವ ಮೊದಲೇ ಮಲ್ಲಿಗೆ ಬೆಳೆಯುವ ಮನೆಗಳು ಎದ್ದಿರುತ್ತವೆ. ಶಿರಾಲಿ, ಬೇಂಗ್ರೆ, ಕಾಯ್ಕಿಣಿ ಕಡೆಯ ಹಿತ್ತಿಲುಗಳಲ್ಲಿ ಟಾರ್ಚಿನ ಬೆಳಕು ಅತ್ತಿತ್ತ ಓಡಾಡುತ್ತದೆ. ಸೊಂಟದೆತ್ತರದ ಗಿಡಗಳ ನಡುವೆ ಹೆಂಗಸರು ಬಗ್ಗಿದ್ದಾರೆ. ಸೆರಗನ್ನೇ ಚೀಲ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಇವತ್ತು ಅರಳುವ ಮೊಗ್ಗು ತುಂಬಿಕೊಂಡು ಬೆಳ್ಳಗಿರುತ್ತದೆ, ನಾಳೆಯದ್ದಕ್ಕೆ ಇನ್ನೂ ಹಸಿರಿನ ಛಾಯೆ. ಕತ್ತಲಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ, ಬೆರಳಿಗೆ ಮಾತ್ರ ಗೊತ್ತು. ನಾಳೆಯದನ್ನು ಇವತ್ತೇ ಕಿತ್ತರೆ ನಷ್ಟ, ಇವತ್ತಿನದನ್ನು ನಾಳೆಗೆ ಬಿಟ್ಟರೂ ನಷ್ಟ. ಬಿಸಿಲು ಏರುವ ಮೊದಲು ಕೊಯ್ಲು ಮುಗಿಯಲೇಬೇಕು.

ಆಮೇಲೆ ಜಗಲಿಯ ಕೆಲಸ. ನೀರಲ್ಲಿ ನೆನೆಸಿಟ್ಟ ಬಾಳೆನಾರು, ನಡುವೆ ಮೊಗ್ಗಿನ ರಾಶಿ, ಸುತ್ತ ಅಜ್ಜಿ, ಸೊಸೆ, ಶಾಲೆಗೆ ಹೊರಡಬೇಕಾದ ಹುಡುಗಿ. ಕೈ ಕಟ್ಟುತ್ತದೆ, ಬಾಯಿ ಊರ ಸುದ್ದಿ ಹೇಳುತ್ತದೆ. ಇವತ್ತಿನ ದರ ಎಷ್ಟು ಎಂಬುದು ಫೋನಿನಲ್ಲಿ ಬರುತ್ತದೆ. ಮದುವೆಯಿದ್ದರೆ ಏರಿತು, ಇಲ್ಲದಿದ್ದರೆ ಇಳಿಯಿತು. ಭಟ್ಕಳದಲ್ಲಿ ದೊಡ್ಡ ಮದುವೆಗಳು ಒಟ್ಟಿಗೆ ಬಂದರೆ ಉಡುಪಿ ಬದಿಯ ಶಂಕರಪುರದ ಹೂವಿನ ಕಟ್ಟೆಯಲ್ಲೂ ಅದರ ಬಿಸಿ ತಟ್ಟುತ್ತದೆ. ಅಲ್ಲಿ ಲೆಕ್ಕ ಚೆಂಡು ಮತ್ತು ಅಟ್ಟೆಯದು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇಲ್ಲಿ ಮೊಳ ಮತ್ತು ಮಾರಿನದು. ಮಾರುವವಳ ಅಳತೆಗೂ ಕೊಳ್ಳುವವಳ ಅಳತೆಗೂ ಇರುವ ಅಂತರದ ಮೇಲೆ ನಡೆಯುವ ಜಗಳ ಮಾತ್ರ ಎರಡೂ ಕಡೆ ಒಂದೇ.

ಈ ಹೂ ಹೋಗುವುದೆಲ್ಲಿಗೆ? ದೇವಸ್ಥಾನಕ್ಕೆ, ಸ್ವಲ್ಪ ಮುರ್ಡೇಶ್ವರದ ಪ್ರವಾಸಿಗಳ ಮುಡಿಗೆ. ಆದರೆ ದೊಡ್ಡ ಗಿರಾಕಿ ಇಲ್ಲಿನ ನವಾಯತ ಮುಸ್ಲಿಮರ ಮನೆ. ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಮದುವೆಗಳಲ್ಲಿ ಮದುಮಗಳ ಜಡೆ ಕಾಣದಷ್ಟು ಮಲ್ಲಿಗೆ, ಮದುಮಗನ ಕೊರಳಲ್ಲಿ ಮಂಡಿ ಮುಟ್ಟುವ ಹಾರ. ಹಿಂದೂ ರೈತ ಮನೆಯ ಹಿತ್ತಿಲಲ್ಲಿ ಕತ್ತಲಿಗೆ ಕೊಯ್ದ ಮೊಗ್ಗು ಮುಸ್ಲಿಂ ಮನೆಯ ಒಳಕೋಣೆಯಲ್ಲಿ ಸಂಜೆಗೆ ಅರಳುತ್ತದೆ. ಅಲ್ಲಿ ಹೆಂಗಸರು ನವಾಯತಿಯಲ್ಲಿ ಹಾಡು ಹೇಳುತ್ತಿರುತ್ತಾರೆ. ಕೊಂಕಣಿಯ ಒಡಹುಟ್ಟಿನಂತಿರುವ, ಉರ್ದು ಲಿಪಿಯಲ್ಲಿ ಬರೆಯುವ ಆ ಭಾಷೆಯ ಹಾಡು ಹಿತ್ತಿಲಿನವರಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ.

ಇದನ್ನು ಸೌಹಾರ್ದ ಎಂದು ಕರೆದು ಮುಗಿಸಿಬಿಡಲು ನನಗೆ ಮನಸ್ಸಿಲ್ಲ. ಇದು ವ್ಯಾಪಾರ. ದರಕ್ಕಾಗಿ ಎಳೆದಾಟ, ಬಾಕಿಗಾಗಿ ತಿರುಗಾಟ ಎಲ್ಲ ಇರುವ ವ್ಯಾಪಾರ. 1993ರ ರಾಮನವಮಿಯ ಹೊತ್ತಿಗೆ ಈ ಊರಿನಲ್ಲಿ ಹೊತ್ತಿದ ಗಲಭೆ ತಿಂಗಳುಗಟ್ಟಲೆ ಆರಲಿಲ್ಲ. ಮೂರು ವರ್ಷದ ಮೇಲೆ, 1996ರ ಏಪ್ರಿಲ್‌ನಲ್ಲಿ, ಶಾಸಕ ಡಾ. ಯು. ಚಿತ್ತರಂಜನ್ ಅವರ ಹತ್ಯೆಯಾಯಿತು. ಎರಡೂ ಮಲ್ಲಿಗೆ ಸುರಿಯುವ ತಿಂಗಳುಗಳೇ. ಪತ್ರಿಕೆಗಳಲ್ಲಿ ಭಟ್ಕಳ ಎಂಬ ಹೆಸರು ಒಂದು ಬಗೆಯ ಸುದ್ದಿಗೆ ಅಂಟಿಕೊಂಡದ್ದು ಆಗಲೇ. ಹೊರಗಿನವರಿಗೆ ಇವತ್ತಿಗೂ ಊರಿನ ಹೆಸರು ಹೇಳಿದರೆ ಮುಖ ಬೇರೆಯಾಗುತ್ತದೆ. ಆದರೆ ಹೂವಿನ ಸಂಬಂಧ ಉಳಿಯಿತು. ಅದು ಪ್ರೀತಿಯ ಸಂಬಂಧವಾಗಿದ್ದರೆ ಮುರಿದಿತ್ತೇನೋ. ಗರಜಿನ ಸಂಬಂಧವಾದ್ದರಿಂದ ತಡೆದುಕೊಂಡಿತು ಎಂದು ನನ್ನ ಅಂದಾಜು. ಪ್ರತಿ ವರ್ಷ ಅದೇ ರಾಮನವಮಿಗೆ ಭಟ್ಕಳದ ಚನ್ನಪಟ್ಟಣ ಹನುಮಂತ ದೇವರ ತೇರು ಎಳೆಯುವ ಮುನ್ನ ದೇವಸ್ಥಾನದವರು ಊರಿನ ಹಳೆಯ ಮುಸ್ಲಿಂ ಮನೆಯೊಂದಕ್ಕೆ ಹೋಗಿ ಆಮಂತ್ರಣ ಕೊಟ್ಟು ಬರುವ ಪದ್ಧತಿ ಇದೆ. ಹಳೆಯ ಗಾಯದ ದಿನವೂ ಹಳೆಯ ಮರ್ಯಾದೆಯ ದಿನವೂ ಒಂದೇ ತಿಥಿಯಲ್ಲಿ ಬರುತ್ತವೆ.

ಈ ಊರಿಗೆ ಕೇಡುಗಾಲ ಹೊಸದೂ ಅಲ್ಲ. 1542ರಲ್ಲಿ ಪೋರ್ಚುಗೀಸರ ಗವರ್ನರ್ ಮಾರ್ಟಿಂ ಅಫೋನ್ಸೊ ಡಿ ಸೋಜ ಭಟ್ಕಳವನ್ನು ಕೊಳ್ಳೆ ಹೊಡೆದು ಸುಟ್ಟ. ಅದೇ ಶತಮಾನದಲ್ಲಿ ಮೂಡಭಟ್ಕಳದಲ್ಲಿ ಕೇತಪೈ ನಾರಾಯಣ ದೇವಸ್ಥಾನ ಎದ್ದಿತು. ಅದರ ಗೋಡೆಯ ಮೇಲೆ ರಾಮಾಯಣದ ಸಾಲು ಸಾಲು ಚಿತ್ರಗಳಿವೆ. ಕಪ್ಪುಕಲ್ಲಿನಲ್ಲಿ ಅಷ್ಟು ಸಣ್ಣ ಆಕೃತಿಗಳನ್ನು ಕೂತು ಕೆತ್ತುವಷ್ಟು ವ್ಯವಧಾನ ಆ ಕಾಲದವರಿಗೆ ಎಲ್ಲಿಂದ ಬಂತು ಎಂದು ಪ್ರತಿ ಸಲ ನೋಡಿದಾಗಲೂ ಬೆರಗಾಗುತ್ತದೆ.

ಇತ್ತೀಚಿನ ಕತ್ತಲು ಎಲ್ಲರಿಗೂ ನೆನಪಿರುವಂಥದು. 2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ, ದೇಶಕ್ಕೆ ಬೀಗ ಬಿದ್ದ ದಿನವೇ. ಉತ್ತರ ಕನ್ನಡ ಜಿಲ್ಲೆಯ ಮೊದಲ ಸೋಂಕು ಪ್ರಕರಣಗಳು ಭಟ್ಕಳದಲ್ಲೇ ಕಾಣಿಸಿದ್ದರಿಂದ ಇಲ್ಲಿ ಬಿಗಿ ಇನ್ನೂ ಹೆಚ್ಚು. ಮದುವೆ ಇಲ್ಲ, ಜಾತ್ರೆ ಇಲ್ಲ, ದೇವರಿಗೂ ಬಾಗಿಲು. ಗಿಡಕ್ಕೆ ಇದೆಲ್ಲ ಯಾರು ಹೇಳಬೇಕು? ಚಳಿಗಾಲದಲ್ಲಿ ಸವರಿ, ಗೊಬ್ಬರ ಹಾಕಿ, ನೀರುಣಿಸಿ ಬೆಳೆಸಿದ ಗಿಡ ಆ ವರ್ಷವೂ ಲೆಕ್ಕ ತಪ್ಪದೆ ಹೂ ಕೊಟ್ಟಿತು.

ಬೇಂಗ್ರೆ ಕಡೆಯ ಒಬ್ಬ ಅಕ್ಕ ಆ ದಿನಗಳ ಮಾತು ತೆಗೆದಾಗ ಮೊದಲು ಹೇಳಿದ್ದು ನಷ್ಟದ ಮಾತಲ್ಲ.

“ಎಂತ ಮಾಡೂದ್ರಾ, ಮೊದ್ಲ ಎರಡು ದಿನ ಕೊಯ್ದೆ. ಕೊಯ್ದು ಬುಟ್ಟಿಲಿ ಹಾಕಿ ನೋಡ್ತಾ ಕೂತೆ. ಮೂರನೇ ದಿನ ಬಿಟ್ಟೇಬಿಟ್ಟೆ. ಸಂಜೆ ಹೊರಗೆ ಬಂದ್ರೆ ಹಿತ್ಲೆಲ್ಲ ಬೆಳ್ಳಗೆ! ನಾನು ಮದುವೆಯಾಗಿ ಬಂದಾಗಿನಿಂದ ಮಲ್ಲಿಗೆ ಗಿಡದಲ್ಲೇ ಅರಳಿದ್ದು ನೋಡಿದ್ದೇ ಇಲ್ಲ. ಮೊಗ್ಗೇ ಕೀಳೂದಲ್ವಾ ನಾವು.”

ಮಲ್ಲಿಗೆ ಬೆಳೆಯುವವರು ಮಲ್ಲಿಗೆ ಅರಳುವುದನ್ನು ನೋಡುವುದೇ ಇಲ್ಲ ಎಂಬ ಸಂಗತಿ ನನಗೆ ಆವರೆಗೆ ಹೊಳೆದಿರಲಿಲ್ಲ. ಅದು ಚಂದ ಕಂಡಿತಾ ಎಂದು ಕೇಳಿದೆ. “ಚಂದವೇ. ಆದ್ರೆ ಚಂದ ನೋಡಿ ಅಕ್ಕಿ ಬೇಯೂದಿಲ್ಲ” ಎಂದು ನಕ್ಕರು. ಮತ್ತೆ ತಾವಾಗಿಯೇ ಮುಂದುವರಿಸಿದರು: ಮಾರದಿದ್ದರೂ ನೀರು ಬಿಡುವುದನ್ನು ನಿಲ್ಲಿಸಲಿಲ್ಲವಂತೆ. ಮದುವೆ ಇವತ್ತಲ್ಲ ನಾಳೆ ಆಗಲೇಬೇಕಲ್ಲ, ಆಗ ಗಿಡ ಸತ್ತಿದ್ದರೆ? ಪುಸ್ತಕಗಳಲ್ಲಿ ಭರವಸೆ ಎಂದು ಬರೆಯುವುದನ್ನು ಅವರು ದಿನಕ್ಕೆ ಇಷ್ಟು ಕೊಡ ನೀರಿನ ಲೆಕ್ಕದಲ್ಲಿ ಹೇಳಿದರು.

ಎಲ್ಲ ಕಡೆ ಈ ಮಾತು ಒಪ್ಪುವುದಿಲ್ಲ. 2022ರ ಆಗಸ್ಟ್ 2ರ ಮುಂಜಾವಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯಲ್ಲಿದ್ದ ನಾಲ್ವರು ಮಣ್ಣಿನಡಿ ಹೋದರು. ಜರಿದ ಕೆಂಪುಮಣ್ಣಿನ ಮೇಲೆ ಈ ಕರಾವಳಿಯಲ್ಲಿ ಮೊದಲು ಬರುವುದು ನಾವು ಕಮ್ಯುನಿಸ್ಟ್ ಗಿಡ ಎಂದು ಬೈದುಕೊಳ್ಳುವ ಪೊದೆ. ಚಳಿಗಾಲದ ಕೊನೆಗೆ ಅದೂ ನಸುನೇರಳೆ ಹೂ ಬಿಡುತ್ತದೆ. ಹೂವೆಂದರೆ ಅದೂ ಹೂವೇ. ಆದರೆ ಅದನ್ನು ತೋರಿಸಿ ಅಲ್ಲಿನವರಿಗೆ ಸಮಾಧಾನ ಹೇಳಲು ನನಗೆ ಬಾಯಿ ಬರಲಾರದು.

ಭಟ್ಕಳದಿಂದ ಉತ್ತರಕ್ಕೆ ಹೆದ್ದಾರಿ ಅಗಲವಾಗಿದೆ. ಅಗಲವಾಗುವಾಗ ಇಕ್ಕೆಲದ ಮರಗಳು ಹೋದವು. ಹಳೆಯ ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ಬಡಿಯುತ್ತಿದ್ದ ಮಾವಿನ ಹೂವಿನ ಗೊಂಚಲು ಈಗ ದೂರದ ಬೇಲಿಯಾಚೆ. ಆದರೂ ಗೇರುಹೂವಿನ ಗಾಢ ವಾಸನೆಗೆ ಚತುಷ್ಪಥವೂ ಅಡ್ಡಿಯಲ್ಲ. ಮಂಕಿ ದಾಟುವಾಗ ಗುಡ್ಡದ ಕಡೆಯಿಂದ ಅದು ಬಸ್ಸಿನೊಳಗೆ ನುಗ್ಗುತ್ತದೆ. ಹಾಲವಾಣದ ಎಲೆಯಿಲ್ಲದ ಕೊಂಬೆಯ ತುದಿಯಲ್ಲಿ ಕೆಂಪು. ಬೇಣದ ಅಂಚಿನಲ್ಲಿ ಕವಳಿ ಪೊದೆಯ ಪುಟ್ಟ ಬಿಳಿ ನಕ್ಷತ್ರಗಳು. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿದರೆ ಇಳಿತದ ಹೊತ್ತಿನ ಕೆಸರು, ಕಾಂಡ್ಲಾ ಗಿಡಗಳ ಬೇರು, ಬಲೆ ಬಿಡಿಸುವ ದೋಣಿಗಳು. ರಾತ್ರಿ ಎಲ್ಲೋ ಬಯಲಾಟದ ಚೆಂಡೆ ಕೇಳುತ್ತದೆ. ಈ ಸೀಮೆಯ ಕಡತೋಕೆಯವರು ಕವಿ ವಿ. ಜಿ. ಭಟ್ಟರು. ಕೊಂಕು ನಗೆಯೇ ಅವರ ಕಾವ್ಯದ ಅಸ್ತ್ರ. ಹೂವಿನ ಬಗ್ಗೆ ಯಾರಾದರೂ ತೀರ ಮೃದುವಾಗಿ ಮಾತಾಡಿದರೆ ನನಗೆ ಅವರ ನೆನಪಾಗಿ ಎಚ್ಚರವಾಗುತ್ತದೆ.

ವಿ. ಜಿ. ಭಟ್ಟರು ಹುಟ್ಟಿದ್ದು 1923ರಲ್ಲಿ. ಕುಮಟಾ ತಾಲೂಕಿನ ಹನೇಹಳ್ಳಿಯ ಗಂಗಾಧರ ಚಿತ್ತಾಲರೂ 1923. ರಾಣೆಬೆನ್ನೂರಿನಲ್ಲಿ ಹುಟ್ಟಿ ಹನೇಹಳ್ಳಿಯ ಪಕ್ಕದ ಬಂಕಿಕೊಡ್ಲದಲ್ಲಿ ಮಾಸ್ತರಾಗಿ ನೆಲೆನಿಂತ ಸು. ರಂ. ಎಕ್ಕುಂಡಿಯವರೂ 1923. ಮೂವರಿಗೂ ಹತ್ತೊಂಬತ್ತು ತುಂಬುವ ವರ್ಷವೇ ಕ್ವಿಟ್ ಇಂಡಿಯಾ ಚಳವಳಿಯದು. ಹೊರಗೆ ಮಹಾಯುದ್ಧ, ಮರುವರ್ಷ ಬಂಗಾಳದ ಬರಗಾಲ. ಕವಿತೆ ಬರೆಯಲು ಅನುಕೂಲದ ಕಾಲವೆಂದು ಯಾರೂ ಹೇಳಲಾರರು.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದ ದಾರಿ ಹಿಡಿದರೆ ಬಂಕಿಕೊಡ್ಲ. ಮರಳು ಬೆರೆತ ನೆಲ, ತೆಂಗು, ಗಜನಿ ಗದ್ದೆ, ಆಚೆ ಸಮುದ್ರದ ಸದ್ದು. ಇಲ್ಲಿನ ಆನಂದಾಶ್ರಮ ಹೈಸ್ಕೂಲಿನಲ್ಲಿ ಎಕ್ಕುಂಡಿ ಮಾಸ್ತರು ದಶಕಗಳ ಕಾಲ ಪಾಠ ಮಾಡಿದರು. ಕಥೆಯನ್ನೇ ಕವಿತೆ ಮಾಡಿ ಹೇಳುವುದು ಅವರ ರೀತಿ. ಮೀನುಗಾರರ, ಹಾವಾಡಿಗರ, ಕೂಲಿಯವರ, ಪುರಾಣದವರ ಕಥೆ. ಒಂದು ಕಣ್ಣು ಮಾರ್ಕ್ಸ್ ಕಡೆ, ಇನ್ನೊಂದು ಮಧ್ವರ ಕಡೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಎಡವದೆ ನಡೆದವರು ಕನ್ನಡದಲ್ಲಿ ಹೆಚ್ಚಿಲ್ಲ. ಅವರಿಗೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಸಂಕಲನದ ಹೆಸರು ‘ಬಕುಲದ ಹೂವುಗಳು’. ಅದೇ ವರ್ಷದ ಡಿಸೆಂಬರಿನಲ್ಲಿ ಅಯೋಧ್ಯೆ, ಮರು ರಾಮನವಮಿಗೆ ಭಟ್ಕಳ. 1995ರಲ್ಲಿ ಮಾಸ್ತರು ತೀರಿಕೊಂಡರು.

ಬಕುಲದ ಹೂವನ್ನು ಕೊಯ್ಯುವ ಹಾಗಿಲ್ಲ. ಮರ ಎತ್ತರ. ಹೂ ಉಗುರಿನಷ್ಟು, ಮಾಸಲು ಬಿಳಿ. ರಾತ್ರಿಯೆಲ್ಲ ತಾನಾಗಿ ಉದುರುತ್ತದೆ, ಬೆಳಿಗ್ಗೆ ಎದ್ದವರು ಹೆಕ್ಕಬೇಕು. ನಡುವೆ ತೂತು ಇರುವುದರಿಂದ ಸೂಜಿ ಬೇಡ, ಒಂದು ನಾರು ಸಿಕ್ಕರೆ ಮಕ್ಕಳು ಪೋಣಿಸಿಬಿಡುತ್ತಾರೆ. ಮಲ್ಲಿಗೆಗೆ ಒಂದು ದಿನ ಆಯುಷ್ಯ. ಮರುದಿನ ಕಂದುಗಟ್ಟಿದ ದಂಡೆಯನ್ನು ಯಾರೂ ಮುಟ್ಟುವುದಿಲ್ಲ. ಬಕುಲ ಒಣಗಿ ಕಾಫಿ ಬಣ್ಣಕ್ಕೆ ತಿರುಗಿದ ಮೇಲೂ ಪರಿಮಳ ಬಿಡದು. ಸೀರೆಯ ಮಡಿಕೆಯಲ್ಲಿ, ಪಾಠದ ಪುಸ್ತಕದ ನಡುವೆ ಅದನ್ನು ಇಟ್ಟವರು ಈ ಕಡೆ ಮನೆಗೊಬ್ಬರು ಸಿಗುತ್ತಾರೆ. ಕವಿತೆಯಲ್ಲೂ ಈ ಎರಡು ಬಗೆ ಇದೆ. ಆ ದಿನದ ಸಭೆಗೆ ಓದಿ ಚಪ್ಪಾಳೆ ಪಡೆದು ಮುಗಿಯುವುದು ಒಂದು. ಅದನ್ನು ಕೀಳೆನ್ನಲಾರೆ, ಮದುವೆಗೆ ಮಲ್ಲಿಗೆ ಬೇಕೇ ಬೇಕು. ಕಷ್ಟಕ್ಕೆ ಒದಗುವುದು ಮಾತ್ರ ಇನ್ನೊಂದು.

ಚಿತ್ತಾಲರ ಕವಿತೆ ಆ ಇನ್ನೊಂದರ ಜಾತಿಯದು. ಹನೇಹಳ್ಳಿಯ ಹುಡುಗ ಓದಿನಲ್ಲಿ ಮುಂದಾಗಿ, ಕೇಂದ್ರ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾದರು. ಆಮೇಲೆ ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು. ಕೈ ನಡುಗುವ, ಮಾತು ಕಟ್ಟುವ ಆ ವರ್ಷಗಳಲ್ಲೂ ಅವರು ಬರೆದರು. ತನ್ನ ದೇಹ ತನ್ನ ಮಾತು ಕೇಳದಿರುವುದನ್ನೇ ಬರೆದರು. ‘ಮನುಕುಲದ ಹಾಡು’ ಎಂದು ಇಡೀ ಮನುಷ್ಯಕುಲವನ್ನು ತೋಳು ತುಂಬ ಅಪ್ಪಿದ ಕವಿ ಕೊನೆಗೆ ಒಂದು ಕೋಣೆಯ ಅಳತೆಗೆ ಬಂದರೂ ಕಾವ್ಯದ ಅಳತೆ ಕುಗ್ಗಲಿಲ್ಲ. 1987ರಲ್ಲಿ ಹೋದರು. ಆ ಕೊನೆಗಾಲದ ಕವಿತೆಗಳಲ್ಲಿ ಹೂವಿನ ಸಾಂತ್ವನ ಹುಡುಕಬೇಡಿ. ಕಣ್ಣು ಮುಚ್ಚದೆ ನೋಡುವ ಛಲ ಇದೆ, ಅಷ್ಟೇ.

ಓದು ಬಾರದವರ ಕಾವ್ಯವೂ ಇದೇ ಹಾದಿಯಲ್ಲಿದೆ. ಹೋಳಿ ಹುಣ್ಣಿಮೆಯ ಸುಮಾರಿಗೆ ಕುಮಟಾ, ಹೊನ್ನಾವರ, ಅಂಕೋಲಾದ ಹಾಲಕ್ಕಿ ಒಕ್ಕಲಿಗರ ಕೇರಿಗಳಿಂದ ಸುಗ್ಗಿಯ ಮೇಳಗಳು ಹೊರಡುತ್ತವೆ. ಗುಮಟೆ, ಜಾಗಟೆಯ ಸದ್ದು ಮೊದಲು ಕೇಳುತ್ತದೆ. ಆಮೇಲೆ ಗದ್ದೆಯ ಬದುವಿನಲ್ಲಿ ತುರಾಯಿಗಳು ಕಾಣುತ್ತವೆ. ಬೆಂಡಿನಿಂದ, ಬಣ್ಣದ ಕಾಗದದಿಂದ, ಬೇಗಡೆಯಿಂದ ಕಟ್ಟಿದ ಹೂಗಳೂ ಹಕ್ಕಿಗಳೂ ತುಂಬಿದ ತಲೆದಿರಿಸು. ಕುಣಿಯುವವನು ತಲೆ ಕೊಡವಿದರೆ ಒಂದು ಹೂತೋಟವೇ ಗದಗುಟ್ಟುತ್ತದೆ. ಸುತ್ತ ಇಷ್ಟು ನಿಜವಾದ ಹೂವಿರುವಾಗ ಕಾಗದದ್ದು ಏಕೆ ಎಂದರೆ, ದಿನಗಟ್ಟಲೆ ಮನೆಮನೆ ಕುಣಿಯುವ ಬಿಸಿಲಿಗೆ ನಿಜದ ಹೂ ತಡೆಯದು.

ಈ ಸಮುದಾಯದ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡಿದ್ದವರು ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡ. ಗಂಡನನ್ನು ಕಳೆದುಕೊಂಡರು, ಮಗನನ್ನು ಕಳೆದುಕೊಂಡರು. ಸಾರಾಯಿ ಊರ ಮನೆಗಳನ್ನು ನುಂಗುವುದನ್ನು ಕಂಡು ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದರು. ಹಾಡು ಅವರಿಗೆ ದುಃಖ ಮರೆಸುವ ಸಾಧನವೂ ಆಗಿತ್ತು, ಜಗಳ ತೆಗೆಯುವ ಸಾಧನವೂ ಆಗಿತ್ತು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ, ಸುಗ್ಗಿ ಹತ್ತಿರವಾಗುತ್ತಿದ್ದ ದಿನಗಳಲ್ಲಿ, ಅಜ್ಜಿ ತೀರಿಕೊಂಡರು. ಆ ವರ್ಷವೂ ಗುಮಟೆಯ ಸದ್ದು ಕೇಳಿತು.

ಕುಮಟಾ ಬಸ್‌ಸ್ಟ್ಯಾಂಡಿನ ಹೊರಗೆ ಹೂ ಮಾರುವವರ ಸಾಲಿನಲ್ಲಿ ಮಾರ್ಚಿನಲ್ಲಿ ಸುರಗಿ ಕಾಣಿಸುತ್ತದೆ. ಮಲ್ಲಿಗೆಯಂತೆ ಹಿತ್ತಿಲಿನ ಬೆಳೆಯಲ್ಲ. ಕಾಡಂಚಿನ ಮರ, ಕೊಂಬೆಯ ಮೈಗೇ ಅಂಟಿ ಗುಂಪುಗುಂಪಾಗಿ ಹೂ. ಮರ ಹತ್ತಿ ಬೆಳಗಿಗೇ ಮೊಗ್ಗು ಬಿಡಿಸಬೇಕು, ಇಲ್ಲವೇ ಕೆಳಗೆ ಬಟ್ಟೆ ಹಾಸಿ ಹಿಡಿಯಬೇಕು. ಬಿಳಿ ಎಸಳು, ನಡುವೆ ಹಳದಿ ಕೇಸರ, ಮೂಗಿಗೆ ರಾಚುವ ಪರಿಮಳ. ಒಂದು ಮರಕ್ಕೆ ಎಷ್ಟು ಹೂವೆಂದು ಏಲಂ ಹಾಕಿ ಕೊಳ್ಳುವವರೂ ಇದ್ದಾರೆ, ಸೌದೆಗೆಂದು ಆ ಮರವನ್ನೇ ಕಡಿಯುವವರೂ ಇದ್ದಾರೆ. ಅಮ್ಮನೊಬ್ಬರ ಮುಂದೆ ಎರಡು ಬುಟ್ಟಿ. ಒಂದರಲ್ಲಿ ಹಸಿ ಸುರಗಿಯ ದಂಡೆ, ಇನ್ನೊಂದರಲ್ಲಿ ಹೋದ ವಾರವೇ ಒಣಗಿಸಿದ್ದು. ದರ ಕೇಳಿದೆ. ಒಣಗಿದ್ದಕ್ಕೆ ಹೆಚ್ಚು ಹೇಳಿದರು.

“ಒಣಗಿದ ಹೂವಿಗೆ ಜಾಸ್ತಿಯಾ ಅಮ್ಮ?”

“ಮತ್ತೆ? ಹಸಿದು ನಾಳೆಗೆ ಮುಗೀತು. ಇದು ಬರೂ ಸುಗ್ಗಿವರೆಗೆ ಪೆಟ್ಟಿಗೆಲಿ ಇಡಿ, ಬೇಕಾದ್ರೆ ನೀರು ಚಿಮುಕಿಸಿ ಮುಡೀರಿ. ಒಣಗಿಸೂಕೆ ನಂಗೆ ಕೆಲಸ ಬಿದ್ದಿಲ್ವಾ? ಯಾವ್ದು ಕೊಡ್ಲಿ, ಬೇಗ ಹೇಳಿ, ಗೋಕರ್ಣದ ಬಸ್ಸು ಬಂತು.”