ಒಂದು ಟನ್ ಕಬ್ಬು, ಮೂರು ಕಾಯ್ದೆ

ವಾಟರ್ ಆಕ್ಟ್ 1974, ಏರ್ ಆಕ್ಟ್ 1981 ಅಂತ ಎಕ್ಸಾಮ್‌ನಲ್ಲಿ ಬರೆದು, ಎರಡು ಮಾರ್ಕ್ಸ್ ತಗೊಂಡು ನಾವೆಲ್ಲ ಮರೆತುಬಿಡ್ತೀವಿ. ಇವೆರಡೂ ಬಂದಾಗ ಗುರಿ ಇದ್ದದ್ದು ಕೊಳಕು ನೀರು, ಕೊಳಕು ಗಾಳಿ ಮೇಲೆ. ಕಾರ್ಬನ್ ಮೇಲೆ ಅಲ್ಲ. ಹಾಗಾದ್ರೆ ಇವುಗಳಿಂದ ಕಾರ್ಬನ್ ಕಡಿಮೆ ಆಗುತ್ತಾ? ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕಬ್ಬನ್ನೇ ಉದಾಹರಣೆಯಾಗಿ ತಗೊಳ್ಳೋಣ.

ಮೊದಲು ಸಕ್ಕರೆ ಕಾರ್ಖಾನೆ. ಮಂಡ್ಯದ ಮೈಷುಗರ್ 1933ರಷ್ಟು ಹಳೆಯದು; ಮದ್ದೂರು ತಾಲ್ಲೂಕಿನಲ್ಲಿ ಕೊಪ್ಪ ಮತ್ತು ಕೆ.ಎಂ. ದೊಡ್ಡಿಯಲ್ಲೂ ಕಾರ್ಖಾನೆಗಳಿವೆ. ಒಂದು ಟನ್ ಕಬ್ಬು ಅರೆದರೆ ಸುಮಾರು 280 ಕೆ.ಜಿ. ಸಿಪ್ಪೆ ಉಳಿಯುತ್ತೆ. ಅದೇ ಬಾಯ್ಲರ್‌ಗೆ ಉರುವಲು. ಏರ್ ಆಕ್ಟ್ ಪ್ರಕಾರ ಚಿಮಣಿಯ ಬೂದಿ ಹಿಡಿಯಲೇಬೇಕು. ಆದರೆ ಬೂದಿ ಹಿಡಿದ ಮಾತ್ರಕ್ಕೆ ಕಾರ್ಬನ್ ಇಳಿಯಲ್ಲ. 2003ರ ವಿದ್ಯುತ್ ಕಾಯ್ದೆ ಇಂಥ ಸಹ-ವಿದ್ಯುತ್ ಉತ್ಪಾದನೆಗೆ ಪ್ರೋತ್ಸಾಹ ಕೊಡಬೇಕು ಅನ್ನುತ್ತೆ. ಹೆಚ್ಚು ಒತ್ತಡದ ಬಾಯ್ಲರ್ ಹಾಕಿ, ಮಿಕ್ಕ ಕರೆಂಟನ್ನು ಗ್ರಿಡ್‌ಗೆ ಮಾರಿದರೆ ಅಷ್ಟು ಕಲ್ಲಿದ್ದಲು ಉಳಿಯುತ್ತೆ. ಒಂದು ಕಾಯ್ದೆ ಬೂದಿ ತಡೆದರೆ, ಇನ್ನೊಂದು ಕಾರ್ಬನ್ ಇಳಿಸುತ್ತೆ.

ಈಗ ಕಾಕಂಬಿ. ಪೆಟ್ರೋಲ್‌ಗೆ 20% ಎಥನಾಲ್ ಬೆರೆಸೋ ನೀತಿ ಬಂದ ಮೇಲೆ ಇದಕ್ಕೆ ಬೇಡಿಕೆ ಜಾಸ್ತಿ. ಆದರೆ ಕಾಕಂಬಿಯಿಂದ ಒಂದು ಲೀಟರ್ ಎಥನಾಲ್ ತೆಗೆದರೆ ಸುಮಾರು 10 ಲೀಟರ್ ಕಂದು ಬಣ್ಣದ ಸ್ಪೆಂಟ್ ವಾಶ್ ಬರುತ್ತೆ. ಇದನ್ನ ತೆರೆದ ಹೊಂಡದಲ್ಲಿ ಬಿಟ್ಟರೆ ಕೊಳೆತು ಮೀಥೇನ್ ಏಳುತ್ತೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತೆ. ಒಂದು ಹನಿಯೂ ಹೊರಗೆ ಬಿಡಬಾರದು ಅನ್ನೋ ನೀರಿನ ನಿಯಮ ಈ ಮೀಥೇನನ್ನೂ ತಡೆಯುತ್ತೆ.

ಆದ್ರೆ ಇಲ್ಲೊಂದು ತೊಡಕಿದೆ. ಸ್ಪೆಂಟ್ ವಾಶ್ ಕುದಿಸಿ ಗಟ್ಟಿ ಮಾಡೋಕೆ ಬಹಳ ಉಗಿ ಬೇಕು. ಆ ಉಗಿ ಕಲ್ಲಿದ್ದಲಿನಿಂದ ಬಂದರೆ ನೀರು ಚೊಕ್ಕ, ಗಾಳಿಗೆ ಕಾರ್ಬನ್! ಸಿಪ್ಪೆಯಿಂದಲೋ, ಸ್ಪೆಂಟ್ ವಾಶ್‌ನದೇ ಬಯೋಗ್ಯಾಸ್‌ನಿಂದಲೋ ಬಂದರೆ ಎರಡೂ ಕಡೆ ಲಾಭ. ಅಂದ್ರೆ ನೀರಿನ ನಿಯಮದ ಕಾರ್ಬನ್ ಲೆಕ್ಕವನ್ನ ತೀರ್ಮಾನ ಮಾಡೋದು ಇಂಧನದ ನಿಯಮ.

ಕೊನೆಗೆ ಗದ್ದೆ. ಕಟಾವಾದ ಮೇಲೆ ತರಗಿಗೆ ಬೆಂಕಿ ಇಡೋದನ್ನ ನಾವೆಲ್ಲ ನೋಡಿದೀವಿ. ಸುಡೋದನ್ನ ನಿಷೇಧಿಸೋ ಅಧಿಕಾರ ಏರ್ ಆಕ್ಟ್‌ನಲ್ಲೇ ಇದೆ. ಆದರೆ ಕೂಳೆ ಬೆಳೆಗೆ ಗದ್ದೆ ಬೇಗ ಖಾಲಿ ಆಗಬೇಕು, ಆಳಿನ ಕೂಲಿ ದುಬಾರಿ. ರೈತ ಇನ್ನೇನು ಮಾಡ್ತಾನೆ? ಮಳವಳ್ಳಿ ತಾಲ್ಲೂಕಿನಲ್ಲಿ ತರಗಿನಂಥ ಬೆಳೆ ತ್ಯಾಜ್ಯದಿಂದ ಕರೆಂಟ್ ಮಾಡೋ 4.5 ಮೆಗಾವ್ಯಾಟ್‌ನ ಸ್ಥಾವರ ಬಂತು. ಕ್ಯೋಟೋ ಒಪ್ಪಂದದ ಕಾರ್ಬನ್ ಕ್ರೆಡಿಟ್ ಯೋಜನೆಗೂ ಅದು ಸೇರಿತು. ಸುಡೋ ಕಸಕ್ಕೆ ಬೆಲೆ ಬರೋ ದಾರಿ ಅದು.

ನಮಗೆ ಅರ್ಥ ಆಗಿದ್ದು ಇಷ್ಟು: ನಿಯಮಗಳ ಸಂಖ್ಯೆ ಹೆಚ್ಚಿದರೆ ಕಾರ್ಬನ್ ತಾನಾಗೇ ಇಳಿಯಲ್ಲ. ಬೇಡ ಅನ್ನೋ ಕಾಯ್ದೆಯ ಜೊತೆಗೆ, ಬದಲಿಗೆ ಏನು ಮಾಡಬೇಕು, ಅದರ ಖರ್ಚು ಯಾರದು ಅನ್ನೋದನ್ನ ಹೇಳೋ ಇನ್ನೊಂದು ನಿಯಮ ಬೇಕು. ಅದಿಲ್ಲದಿದ್ದರೆ ದಂಡದ ಭಯ ರೈತನಿಗೆ, ಹೊಗೆ ಊರಿಗೆಲ್ಲ.